ಕೂಡುಹುಬ್ಬು

ಹದಿನಾಲ್ಕು ವರ್ಷ ಹಲ್ಲಲ್ಲಿ ನೂಲು ಕಚ್ಚಿ
ಶ್ರೀರಾಂಪುರದ ಹೆಂಗಸರ ಹುಬ್ಬು ತಿದ್ದಿದವಳು ನಾನು.
ಕಣ್ಣು ಮುಚ್ಚಿ, ಚರ್ಮ ಎಳೆದು ಹಿಡ್ಕೊಳ್ಳಿ, ಉಸಿರು ಬಿಡಿ, ಆಯ್ತು.
ಯಾವ ಮುಖಕ್ಕೂ ಬೇರೆ ಮಾತು ಆಡಿದ್ದಿಲ್ಲ.
ನನ್ನ ಬೆರಳಿಗೆ ಗೊತ್ತಿದ್ದದ್ದು ಒಂದೇ ಬಿಲ್ಲು,
ಗೋಡೆಯ ಪೋಸ್ಟರಿನ ಹುಡುಗಿಯದು.
ಅವಳಿಗೆ ಹೆಸರಿಲ್ಲ. ಬಿಸಿಲಿಗೆ ಕೆನ್ನೆ ನೀಲಿಯಾಗಿದೆ.

ಪಾರ್ಲರಿನ ಮೇಲ್ಮಹಡಿಯಲ್ಲಿ ಇನಾಯತ್ ಮೇಷ್ಟ್ರು.
ಗಾಂಧಿನಗರದ ಥಿಯೇಟರುಗಳಿಗೆ ನಲವತ್ತಡಿ ಕಟೌಟು ಬರೆದ ಕೈ
ಫ್ಲೆಕ್ಸು ಬಂದಮೇಲೆ ಮಕ್ಕಳಿಗೆ ಆನೆ, ಮಾವಿನಕಾಯಿ ಕಲಿಸುತ್ತದೆ.
ಮಂಗಳವಾರ ಯಾರೂ ಕೂದಲಿಗೆ ಕತ್ತರಿ ಮುಟ್ಟಿಸುವುದಿಲ್ಲವಲ್ಲ,
ನಾನೂ ಹತ್ತಿ ಹೋದೆ.
"ಏನು ಬರೀತೀಯಮ್ಮ?"
"ಚೆಂದದ್ದು" ಅಂದೆ.
ಪೆನ್ಸಿಲ್ ಕೊಟ್ಟು ಬೀದಿಗೆ ತಳ್ಳಿದರು.

ಮೊದಮೊದಲು ಬಂದದ್ದೆಲ್ಲ ಪೋಸ್ಟರಿನ ಹುಡುಗಿಯೇ.
ಸೊಪ್ಪಿನ ಕೆಂಪಮ್ಮನನ್ನು ಎದುರಿಗೆ ಕೂರಿಸಿ ಬರೆದರೂ ಅವಳೇ,
ಇಸ್ತ್ರಿ ಅಂಗಡಿಯ ಮುನಿರಾಜು ಕೂಡ ಅವಳೇ, ಮೀಸೆ ಬೇರೆ.
ಮೇಷ್ಟ್ರು ನಗಲಿಲ್ಲ.
"ಕೈಗೆ ಗೊತ್ತಿರೋದನ್ನ ಬರೀತಿದ್ದೀಯ. ಕಣ್ಣನ್ನ ಕೇಳು.
ನಾನೂ ಬಹಳ ವರ್ಷ ಕೇಳಿರಲಿಲ್ಲ."

ಕೇಳಿದೆ.
ಕೆಂಪಮ್ಮನ ಕೆಳತುಟಿ ಎಡಕ್ಕೆ ಜಾರಿದೆ,
ದರ ಕೂಗಿ ಕೂಗಿ ಆ ಕಡೆಯೇ ನಿಂತುಬಿಟ್ಟಿದೆ.
ಹಂಪು ಕಂಡ ಆಟೋದ ಹಾಗೆ
ಪೆನ್ಸಿಲ್ ಅಲ್ಲಿ ನಿಧಾನಿಸುತ್ತದೆ.
ಮುನಿರಾಜುವಿನ ಕಿವಿ, ಅಬ್ಬಾ, ಎರಡು ಸಂಜೆ ತಿಂದಿತು.
ಮೆಟ್ರೋದಲ್ಲಿ ಸಂಪಿಗೆ ರಸ್ತೆಯಿಂದ ಜಯನಗರದವರೆಗೆ
ನಿದ್ದೆಹೋದ ನರ್ಸೊಬ್ಬಳ ಗಲ್ಲದ ಕೆಳಗಿನ ಮಡಿಕೆ ಬರೆಯುತ್ತ
ಇಳಿಯುವ ಸ್ಟೇಷನ್ನು ತಪ್ಪಿಸಿಕೊಂಡೆ.
ನುಣ್ಣನೆ ಕೆನ್ನೆಯಲ್ಲಿ ಗೆರೆಗೆ ಕೆಲಸವೇ ಇಲ್ಲ,
ಕಾಗದ ಕಾಗದವಾಗಿಯೇ ಉಳಿಯುತ್ತದೆ.

ಒಂದು ರಾತ್ರಿ ನೆನಪಿನಿಂದ ದಾಕ್ಷಾಯಿಣಿಯನ್ನು ಬರೆಯಹೋದೆ.
ಹನ್ನೊಂದು ವರ್ಷದಿಂದ, ಇಪ್ಪತ್ತು ದಿನಕ್ಕೊಮ್ಮೆ,
ಆ ಮುಖ ನನ್ನ ಮೂಗಿನಿಂದ ಗೇಣು ದೂರ.
ಬರಲಿಲ್ಲ.
ಎರಡು ಹುಬ್ಬುಗಳ ನಡುವೆ ಬಂದು ನಿಂತಿತು ಪೆನ್ಸಿಲ್ಲು.
ಮೊದಲ ದಿನ ಅಲ್ಲಿ ಕೂಡುಹುಬ್ಬಿತ್ತು,
ಎದುರುಬದುರು ಮನೆಗಳ ನಡುವೆ ಕಟ್ಟಿದ
ಬಟ್ಟೆ ಹಗ್ಗದಂತೆ ತುಸು ಜೋತು.
ಗುಡಿಸಿ ಎಸೆದವಳು ನಾನೇ,
ಆಗಿನ ಹದಿನೈದು ರೂಪಾಯಿಗೆ.

ಮೊನ್ನೆ ಬಂದಳು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.
"ನಡುವೆ ಹಾಗೇ ಬಿಡ್ಲಾ?"
ಒಂದೇ ಕಣ್ಣು ತೆರೆದು, "ಯಾಕೆ, ನೂಲು ಮುಗೀತಾ?"
ನಾಳೆ ನಾದಿನಿ ಮಗಳ ಮದುವೆಯಂತೆ, ಸಾಲಾಗಿ ನಿಲ್ಲಿಸಿ ಫೋಟೋ ತೆಗೀತಾರಂತೆ.
ಐದನೇ ತಾರೀಖು ಬಾಡಿಗೆ ಕಟ್ಟಬೇಕು ನಾನು.

ನೂಲು ಕಚ್ಚಿದೆ. ಎಳೆದೆ.
ನಡುವೆ ಎರಡು ಕೂದಲು ಬಿಟ್ಟೆ,
ಅವಳಿಗೆ ಹೇಳಲಿಲ್ಲ.
ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು
ಚಿಲ್ಲರೆ ಎಣಿಸಿ ಕೊಟ್ಟು ಹೋದಳು.

ಇನ್ನು ಇಪ್ಪತ್ತು ದಿನ.