ಐವತ್ತೆಂಟಕ್ಕೆ ಬನ್ನಿ

ಟೋಕನ್ ನಲವತ್ತೊಂದು.
ಏಪ್ರಿಲ್ಲಿನ ಶಿವಮೊಗ್ಗ, ಹನ್ನೊಂದೂವರೆ,
ಪಿ.ಎಫ್. ಆಫೀಸಿನ ಫ್ಯಾನಿನಲ್ಲಿ ಶಬ್ದವಿತ್ತು, ಗಾಳಿಯಿರಲಿಲ್ಲ.
ಕೌಂಟರಿನ ಕಿಂಡಿಗೆ ಬಗ್ಗಿ ಆಕೆ ಅಂದಳು:
‘ನಾನು ಊರಿಗೆ ಹೋಗ್ತೀನಿ, ನನ್ನ ದುಡ್ಡು ಕೊಡು.’

ಮಕ್ಕಳಿಂದ ಕಲಿತ ಕನ್ನಡ.
ಹೋಗು ಬಾ ಕೊಡು ತಗೋ, ಎಲ್ಲ ಇತ್ತು,
ಬಹುವಚನ ಇನ್ನೂ ಬಂದಿರಲಿಲ್ಲ.
ನನಗೇನೂ ಬೇಸರವಾಗಲಿಲ್ಲ;
ನಲವತ್ತು ಟೋಕನ್ನಿನ ಮೇಡಂ ಮೇಡಂ ಕೇಳಿ
ಕಿವಿ ದಣಿದಿತ್ತು.

ಹೆಸರು ಕೆಮುಂಟೊ ಮೊಸೇತಿ. ದೇಶ ಕೀನ್ಯಾ.
ಆನಂದಪುರದಾಚೆಯ ವಸತಿ ಶಾಲೆಯಲ್ಲಿ
ಎರಡು ವರ್ಷ ಒಂದು ತಿಂಗಳು ಗಣಿತ.
ಮೊದಲ ದಿನ ಬೋರ್ಡಿನ ಮೇಲೆ ಹೆಸರು ಬರೆದದ್ದೇ ತಡ,
ಹಿಂದಿನ ಬೆಂಚಿನಿಂದ ಯಾವನೋ ‘ಕೆಮ್ಮುಂಟು ಮಿಸ್’ ಅಂದನಂತೆ.
ಅಂದಿನಿಂದ ಆಕೆ ಒಳಗೆ ಕಾಲಿಟ್ಟರೆ
ಮೂವತ್ತಾರು ಮಕ್ಕಳು ಒಟ್ಟಿಗೇ ಕೆಮ್ಮುವುದು,
ಆಕೆ ತಿರುಗಿ ಒಮ್ಮೆ ಕೆಮ್ಮುವುದು,
ಆಮೇಲೆ ಪಾಠ.

ನಾನು ಪಟ್ಟಿ ತೆಗೆದೆ.
ನಮ್ಮೊಡನೆ ಒಪ್ಪಂದವಿರುವ ದೇಶಗಳು.
ಬೆರಳು ಕೆಳಗಿನವರೆಗೂ ಹೋಯಿತು, ಮತ್ತೆ ಮೇಲೆ ಬಂತು.
ಅವಳ ದೇಶ ಎಲ್ಲೂ ಅಡ್ಡ ಬರಲಿಲ್ಲ.
ಇಲ್ಲಿಯವರಾದರೆ ಕೆಲಸ ಬಿಟ್ಟು ಎರಡು ತಿಂಗಳಿಗೆ ಅರ್ಜಿ ಕೊಡಬಹುದು.
ಹೊರಗಿನವರಿಗೆ ಪೂರ್ತಿ ಸಂಬಳದ ಮೇಲೆ ಕಡಿತ,
ವಾಪಸು ಮಾತ್ರ
ಐವತ್ತೆಂಟು ತುಂಬಿದ ಮೇಲೆ.

‘ನಂಗೆ ಇಪ್ಪತ್ತೊಂಬತ್ತು,’ ಅಂದಳು.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
‘ಸರಿಯಾಗಿ ಅರ್ಧ. ಅರ್ಧ ಕಾದಾಯ್ತು ಹಂಗಾದ್ರೆ.’

ಹಿಂದಿದ್ದ ಮಾಚೇನಹಳ್ಳಿ ಗಾರ್ಮೆಂಟ್ಸಿನ ಸಾವಕ್ಕ
‘ಪಾಪ, ಪರದೇಶಿ, ಕೊಟ್ಬಿಡ್ರಮ್ಮ’ ಅಂದಳು,
ದುಡ್ಡು ನನ್ನ ಸೆರಗಿನ ಗಂಟಿನಲ್ಲಿ ಇದ್ದ ಹಾಗೆ.

ಆಕೆ ಅರ್ಜಿಯ ಬೆನ್ನಿಗೆ ಚಕ್ರಬಡ್ಡಿ ಹಾಕಿದಳು.
ಎಂಟೂಕಾಲು, ಇಪ್ಪತ್ತೊಂಬತ್ತು ವರ್ಷ,
ಕ್ಯಾಲ್ಕುಲೇಟರ್ ಮುಟ್ಟಲಿಲ್ಲ.
‘ಹತ್ತು ಪಟ್ಟು. ಚೂರು ಕಮ್ಮಿ.’
ದರ ವರ್ಷ ವರ್ಷ ಬದಲಾಗುತ್ತೆ ಅಂತ ಹೇಳಬೇಕೆಂದಿದ್ದೆ.
ಹೇಳಲಿಲ್ಲ. ಲೆಕ್ಕ ಅಷ್ಟು ಚೊಕ್ಕವಾಗಿತ್ತು.

ಕಿಗಾಲಿಯಲ್ಲಿ ಹದಿನಾಲ್ಕು ತಿಂಗಳಿನದು ಉಳಿದಿದೆಯಂತೆ,
ಮಸ್ಕತ್ತಿನಲ್ಲಿ ಹನ್ನೊಂದು ತಿಂಗಳಿನದು,
ಈಗ ಇಲ್ಲೊಂದು.
‘ನನ್ನ ಮುಪ್ಪು ಮೂರು ದೇಶದಲ್ಲಿ ಕೂತಿದೆ.
ಅಲ್ಲೊಂದು ಮಂಡಿ, ಇಲ್ಲೊಂದು ಕನ್ನಡಕ.
ಕೋಲು ಯಾವ ಊರಲ್ಲಿಟ್ಟೆ ಅಂತ
ಆಗ ನೆನಪಿರುತ್ತೇನು?’
ನಕ್ಕಳು. ನಾನೂ.
ನಗಬಾರದಿತ್ತೇನೋ.

ನನಗೆ ಅಜ್ಜಿ ಬೇಯಿಸುತ್ತಿದ್ದ ಬಿದಿರಕ್ಕಿ ನೆನಪಾಯಿತು.
ಬಿದಿರು ಹೂ ಬಿಟ್ಟ ವರ್ಷ ನನಗೆ ಏಳು,
ಇನ್ನೊಮ್ಮೆ ನೋಡಿಲ್ಲ.
ಹೇಳಿದರೆ ಕತೆಯಾಗುತ್ತದೆ, ಕ್ಯೂ ಬೆಳೆಯುತ್ತದೆ.
ಸ್ವೀಕೃತಿ ಚೀಟಿ ಹರಿದುಕೊಟ್ಟೆ.
ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ
ತಿರುಗಿ ಒಮ್ಮೆ ಕೆಮ್ಮಿದಳು.
ಸಾವಕ್ಕ ‘ನೀರು ಕುಡಿ ಮಗ’ ಅಂದಳು.

ಬರುವ ವರ್ಷ ನನಗೆ ಅರವತ್ತು.
ಅವಳು ಬರುವಾಗ ಈ ಕುರ್ಚಿಯಲ್ಲಿ
ಇನ್ನೂ ಹುಟ್ಟಿರದ ಯಾರೋ.

ಊಟದ ಹೊತ್ತಿನಲ್ಲಿ ಕಡತ ಬಿಚ್ಚಿ
ಒಂದು ಚೀಟಿ ಬರೆದು ಪಿನ್ನು ಚುಚ್ಚಿದೆ.
ಇದಕ್ಕೆ ನಿಯಮವಿಲ್ಲ, ಕಾಲಂ ಇಲ್ಲ:

‘ಇವರಿಗೆ ಐವತ್ತೆಂಟು ತುಂಬಿದಾಗ ಆ ಕುರ್ಚಿಯಲ್ಲಿರುವವರಿಗೆ.
ತಂದೆಯ ಹೆಸರು ಎರಡು ಸಲ ಕೇಳಬೇಡಿ, ಪುಟ ಮೂರರಲ್ಲಿದೆ.
ರುಜು ಹೊಂದದಿದ್ದರೆ ವಾಪಸು ಕಳಿಸಬೇಡಿ,
ಅಷ್ಟು ವರ್ಷಕ್ಕೆ ಯಾರ ಕೈಯೂ ಮೊದಲಿನಂತಿರುವುದಿಲ್ಲ.
ಏಕವಚನದಲ್ಲಿ ಮಾತಾಡಿಸಿದರೆ ಸಿಟ್ಟಾಗಬೇಡಿ,
ಆನಂದಪುರದ ಮಕ್ಕಳು ಕಲಿಸಿದ್ದು.
ಗುರುತಿನ ಬಗ್ಗೆ ಅನುಮಾನ ಬಂದರೆ
ನೀವೇ ಒಮ್ಮೆ ಕೆಮ್ಮಿ ನೋಡಿ.

— ಹಾಲಮ್ಮ, ಸೆಕ್ಷನ್ ಸೂಪರ್‌ವೈಸರ್’