ಬಿರಾಜದಾರ ಕಾಕಾಗ ಜವಾಬು

ಕೂಡ್ರಿ ಕಾಕಾ, ಚಾ ಬರ್ತದ.
ಸೊಲ್ಲಾಪುರದಿಂದ ದುಧನಿತನಕ ಪ್ಯಾಸೆಂಜರ್ ಗಾಡಿಯೊಳಗ
ನೀವು ಬಾಯಿ ಬಿಡಲಿಲ್ಲ;
ಇವತ್ತ ಕಾಟಾದ ಮುಂದ ನಿಂತು ಕೇಳಿದ್ರಿ:
ಮೂರು ಮಿನಿಟು ಉಳಿದಾಗ
ಹದಿನೆಂಟು ಪಾಯಿಂಟು ಹೊಡೆದ ನನ್ನ ಮಗಳಿಗಿ ಕೂಡಿಸಿ
ಆ ಗಿಡ್ಡ ಪೋರಿಗಿ ಯಾಕ ಇಳಿಸಿದಿ?

ಕೇಳೂದು ಬರೋಬ್ಬರಿ ಅದ.
ನಾನು ತೂಕ ಮಾಡೂ ಮನಷಾ,
ಮುಳ್ಳು ಎಲ್ಲಿ ನಿಂತದ ಅಂದ್ರ ತೋರಿಸಬೇಕು.

ನೋಡ್ರಿ, ಈ ಯಾರ್ಡಿನ ಕಾಂಕ್ರೀಟು
ನಮ್ಮದಲ್ಲ, ತೊಗರಿದು.
ಗೋದಾಮಿನ ಗ್ವಾಡಿಗಿ ಬಡಿದ ರಿಂಗು ಒಂದೇ,
ಅದೂ ಹಳೇ ಬಂಡಿ ಗಾಲಿಯ ಪಟ್ಟಿ ಬಗ್ಗಿಸಿದ್ದು.
ಡಿಸೆಂಬರ್ ಮುಗಿಯೂದ್ರೊಳಗ ರಾಶಿ ಬೀಳ್ತಾವ,
ಕೆಂಪು, ಬಿಳಿ, ನಡುವ ಕರಿ ಚುಕ್ಕಿದು.
ನಮಗ ಉಳಿಯೂದು
ನಾಕು ಹಾಸಿಗಿ ಹಾಸೂವಷ್ಟು ಜಾಗ.
ಚೆಂಡು ಪುಟಿಸಿದ್ರ ಕಾಳಿನ ಮ್ಯಾಲ ಬಿದ್ದು ಅಲ್ಲೇ ಸಾಯ್ತದ.
ಅಡತ್ಯಾ ಕಲಶೆಟ್ಟಿ ಬೈತಾನ, ಅದು ಬ್ಯಾರೆ.
ಹಿಂಗಾಗಿ ನಮ್ಮ ಹುಡುಗ್ಯಾರು ಪುಟಿಸೂದೇ ಬಿಟ್ರು.
ಕೈಯಿಂದ ಕೈಗಿ, ಎದಿಯಿಂದ ಎದಿಗಿ,
ರಾಶಿಯ ನೆತ್ತಿ ದಾಟಿಸಿ ಆ ಕಡಿಗಿ.
ದೊಡ್ಡ ಊರಾಗ ಇದಕ್ಕೊಂದು ದೊಡ್ಡ ಹೆಸರು ಇದ್ದೀತು.
ನಮಗ ಜಾಗ ಇರಲಿಲ್ಲ, ಅಷ್ಟೇ.

ಆಮ್ಯಾಲ ಹಮಾಲರನ್ನ ತೋರಿಸಿದೆ.
ಇಬ್ಬರು ಎತ್ತತಾರ, ಒಬ್ಬ ಹೊರ್ತಾನ.
ಹೊರಾವ ತಿರುಗಿ ನೋಡಂಗಿಲ್ಲ;
ಬಗ್ಗತಾನ,
ಚೀಲ ಬಂದು ಬೆನ್ನ ಮ್ಯಾಲ ಕೂಡ್ತದ.
ನೋಡದೇ ಬಗ್ಗೂದು ಕಲೀರಿ ಅಂದೆ.
ಓಡ್ರಿ, ಚೆಂಡು ಬರ್ತದ ಅಂದೆ.

ನಿಮ್ಮ ದಾನಮ್ಮ ಕೇಳಿದ್ಲು,
ಎತ್ತಾವರು ಕೈ ಬಿಟ್ರ?
ನನಗ ಜವಾಬು ತಿಳೀಲಿಲ್ಲ.
ಮಹಿಬೂಬ ಅಂಗಿ ಎತ್ತಿ ಸೊಂಟದ ಕಲಿ ತೋರಿಸಿದ,
ಎಂಟು ದಿನ ಮಲಗಿದ್ದೆವ್ವಾ ಅಂದ,
ಒಂಬತ್ತನೇ ದಿನ ಮತ್ತ ಬಗ್ಗಿದೆ.

ಈಗ ಮ್ಯಾಚಿಗಿ ಬರ್ತೀನಿ.
ನಿಮ್ಮ ಮಗಳ ಕೈ ಛಲೋ ಅದ, ಯಾರು ಇಲ್ಲಂತಾರ?
ಆದ್ರ ಹದಿನೆಂಟು ಆದಮ್ಯಾಲ
ಉಳಿದ ನಾಕು ಮಂದಿ
ಕೋರ್ಟಿನೊಳಗೇ ನಿಂತು ಆಟ ನೋಡ್ಲಾಕತ್ರು.
ನೀವೂ ನೋಡಿದ್ರಿ.
ನಾನೂ ನೋಡಿದೆ, ಸುಳ್ಳ್ಯಾಕ.

ಜರೀನಾ ಬಾಗವಾನ ಬರ್ಲಾಕತ್ತಿ ಹನ್ನೊಂದು ತಿಂಗಳಾತು,
ಆಡಿದ್ದು ಎಲ್ಲಾ ಕೂಡಿ ನಾಕು ಮಿನಿಟು.
ಆಕಿ ಇಳಿದ್ಲು, ಉಳಿದವರಿಗಿ ದಿಕ್ಕಿಲ್ಲದಂಗಾತು,
ಮತ್ತ ಓಡ್ಲಾಕತ್ರು.
ಐದು ಸಲ ಆಕಿ ಕೈಗಿ ಚೆಂಡು ಬಂತು,
ಒಮ್ಮಿನೂ ಒಂದು ಉಸಿರಿಗಿಂತ ಹೆಚ್ಚು ಇಟ್ಟುಕೊಳ್ಳಲಿಲ್ಲ.
ಆರನೇ ಸಲ ರಿಂಗಿನ ಬುಡಕ್ಕ ಒಬ್ಬಾಕಿನೇ ಇದ್ಲು.
ಹೊಡೆದ್ಲು.
ಅಂಚಿಗಿ ಬಡೀತು, ಒಂದು ಸುತ್ತು ಸುತ್ತಿತು,
ಹೊರಗ ಬಿತ್ತು.

ಒಂದು ಪಾಯಿಂಟು, ಕಾಕಾ.
ಚೆಂಡು ಸುತ್ತೂವಷ್ಟು ಹೊತ್ತು
ನನ್ನ ಬಾಯಾಗೂ ದಾನಮ್ಮನ ಹೆಸರೇ ಬಂದಿತ್ತು.

ನೀವು ಮ್ಯಾಲ ಗ್ಯಾಲರಿಯೊಳಗ ಇದ್ರಿ,
ಬೆಂಚಿನ ಮ್ಯಾಲ ಆಕಿ ಏನು ಮಾಡ್ತಿದ್ಲು ಕಂಡಿರಲಿಕ್ಕಿಲ್ಲ.
ಮೊದಲ ಟವೆಲ್ ಕಚ್ಚಿ ಅತ್ತಳು.
ಆಮ್ಯಾಲ ಅಳಕೋತನೇ ಒದರಿದ್ಲು:
ಜರೀನಾ, ಎಡಕ್ಕ, ಎಡಕ್ಕ ಖಾಲಿ ಅದ!
ಒಳಗಿದ್ದಾಗ ಮೂವತ್ತು ಮಿನಿಟು
ಆ ಎಡಗಡಿ ಆಕಿಗಿ ಕಂಡಿರಲಿಲ್ಲ.

ಇದೇ ಖರೆ ತೂಕ ಅಂತ ನಾ ಅನ್ನಂಗಿಲ್ಲ.
ಈ ಕಾಟಾನೂ ಒಮ್ಮೊಮ್ಮಿ
ನೂರು ಗ್ರಾಂ ಆ ಕಡಿ ಈ ಕಡಿ ಹೇಳ್ತದ.
ಮುಂದಿನ ಸಲ ಕೂಡಸ್ತೀನೋ ಆಡಸ್ತೀನೋ
ಅಲ್ಲೇ ನೋಡಬೇಕು.

ಸೋಮವಾರ ಹೊಸ ರಾಶಿ ಬರ್ತದ.
ಐದೂವರಿಗಿ ಮಗಳ ಜೋಡಿ ನೀವೂ ಬರ್ರಿ.
ಬರೂವಾಗ ಒಂದು ಕಸಬರಿಗಿ ತರ್ರಿ,
ಇಲ್ಲಿದು ಸವದು ಸವದು
ಬರೇ ಹಿಡಿ ಉಳದದ.