ಇತರ ಹೆಸರುಗಳು

ಬಂದರಿನ ಮೆಣಸಿನ ಮಂಡಿಯ ಮೇಲಿನ ಮಾಳಿಗೆಯಲ್ಲಿ
ನಮ್ಮ ಆಫೀಸು. ಕೆಳಗೆ ಗೋಣಿ ಕೊಡವಿದರೆ
ಮೇಲೆ ನಾವು ಏಳು ಜನ ಒಟ್ಟಿಗೆ ಸೀನುತ್ತೇವೆ.
ಕೆಲಸ ಎಂತದೆಂದು ಕೇಳಿದರೆ ಹೇಳುವುದು ಕಷ್ಟ:
ದಿಲ್ಲಿಯಿಂದ ಹಳೇ ಕಡತಗಳ ಚಿತ್ರ ಬರುತ್ತದೆ,
ಯಂತ್ರ ಅದನ್ನು ಓದುತ್ತದೆ,
ಯಂತ್ರ ತಪ್ಪು ಓದಿದ್ದನ್ನು ನಾವು ಓದುತ್ತೇವೆ.
ಪುಟಕ್ಕೆ ಎರಡೂಕಾಲು ರೂಪಾಯಿ.

ರಾಯಭಾರಿಗಳ ಗುಟ್ಟೆಂದರೆ ಎಂತೆಂತದೋ ಅಂದುಕೊಂಡಿದ್ದೆ.
'ಪರಮ ರಹಸ್ಯ' ಎಂಬ ನೇರಳೆ ಮುದ್ರೆಯ ಕೆಳಗೆ
ಔತಣದಲ್ಲಿ ಯಾರ ಪಕ್ಕ ಯಾರು ಕೂತರು,
ಸಾಹೇಬರ ಕಾರಿಗೆ ಟಯರು ಬೇಕು,
ಅಕ್ಕಿಯ ಹಡಗು ಇನ್ನೂ ಬಂದಿಲ್ಲ.
ಇಷ್ಟಕ್ಕೆ ಎಪ್ಪತ್ತು ವರ್ಷ ಬೀಗವಾ ಮಾರಾಯ್ರೆ
ಎಂದು ಶಾಲೆಟ್ ನಗುತ್ತಾಳೆ, ಸೀನುತ್ತಾಳೆ.

ಸೋಮವಾರ ಇನ್ನೊಂದು ಪಟ್ಟಿ ಬರುತ್ತದೆ,
ಜನ ಹುಡುಕಿ ಸಿಗದೇ ಹೋದ ಪದಗಳದ್ದು.
ಹುಡುಕಿದವರು ಯಾರೆಂದು ಇರುವುದಿಲ್ಲ,
ಪದ ಮಾತ್ರ, ಎದುರಿಗೆ ಸೊನ್ನೆ.
ಈ ಮಳೆಗಾಲವಿಡೀ ಒಂದೇ ಕೈ ಬಡಿದ ಹಾಗೆ:
ಚೆಯ್ಯಬ್ಬ. ಸೊನ್ನೆ.
ಚೈಯಬ್ಬ. ಸೊನ್ನೆ.
ಚೆಯ್ಯಬ್ಬ ಬೆಂಗ್ರೆ. ಚೆಯ್ಯಬ್ಬ ಮಂಜಿ ಬಸ್ರಾ.
ಒಂದು ವಾರ ಬರೇ 'ಅಜ್ಜ' ಎಂದಿತ್ತು.
ಅದಕ್ಕೂ ಸೊನ್ನೆ.

ಸಿಕ್ಕಿದ್ದು ಚೌತಿಯ ರಜೆ ಕಳೆದ ಮೇಲೆ,
'ಚೀನಾ' ಎಂಬ ತಲೆಬರಹದ ಅಡಿಯಲ್ಲಿ.
ಗಡಿಯಿಲ್ಲ, ಸೈನ್ಯವಿಲ್ಲ, ಚಹಾ ಕೂಡ ಇಲ್ಲ,
ಬಸ್ರಾದಿಂದ ಬಂದ ಒಂದೇ ಹಾಳೆ, ಐವತ್ತೆರಡನೇ ಇಸವಿಯದ್ದು.
ಅಲ್ಲಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬಡಿದದ್ದು ಚಿಯಾಬಾ.
ಅಕ್ಷರದ ಹೊಟ್ಟೆಯಲ್ಲಿ ಶಾಯಿ ತುಂಬಿ
ಯಂತ್ರ ಓದಿದ್ದು ಚೀನಾ.
ಹೆಂಚು ಹೇರಿಕೊಂಡು ಹೋದ ಮಂಜಿಯ ಖಲಾಸಿ
ಸದ್ದಿಲ್ಲದೆ ಒಂದು ದೇಶವಾಗಿ ಮಲಗಿದ್ದ.

ಮಂಜಿ ಒಡೆಯಿತು. ಜ್ವರ. ಆಸ್ಪತ್ರೆ ಹನ್ನೊಂದು ದಿನ.
ಕಂಬಳಿ ಒಂದು, ಗಂಜಿಯ ಬಾಬ್ತು, ಕಫನಿನ ಬಟ್ಟೆ,
ಒಟ್ಟು ಮೂವತ್ತೊಂದು ರೂಪಾಯಿ ಆರಾಣೆ
ವಾರಸುದಾರರಿಂದ ವಸೂಲು ಮಾಡತಕ್ಕದ್ದು.
ಕಾಗದ ದಿಲ್ಲಿಗೆ, ದಿಲ್ಲಿಯಿಂದ ಮದರಾಸಿಗೆ,
ಮದರಾಸಿನಿಂದ ಇಲ್ಲಿಯ ಕಲೆಕ್ಟರಿಗೆ,
ಕಟ್ಟಕಡೆಗೆ ಪಟೇಲರ ಷರಾ:
'ಚಿಯಾಬಾ ಎಂಬ ಹೆಸರಿನವರು ಈ ಗ್ರಾಮದಲ್ಲಿ
ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.'
ಸುಳ್ಳೇನಲ್ಲ.
ಕಡತ ಮುಕ್ತಾಯ.

ಇವರು ಅವರನ್ನು ಹುಡುಕಿದ್ದು ಸಾಲಕ್ಕೆ,
ಅವರು ಇವನನ್ನು ಹುಡುಕಿದ್ದು ಯಾತಕ್ಕೋ,
ನಡುವೆ ಒಂದು ಹೊಳೆ.
ನಮ್ಮ ಕಿಟಕಿಯಿಂದ ಬೆಂಗ್ರೆ ಕಾಣುತ್ತದೆ,
ಬೆಳಗ್ಗಿನ ದೋಣಿಯಲ್ಲಿ ಬುತ್ತಿ ಹಿಡಿದವರ ಮುಖ ಸಹ.
ದಾಟಿ ಹೋಗಿ ಹೇಳಲಾ? ಯಾರಲ್ಲಿ?
ಪಟ್ಟಿಯಲ್ಲಿ ಪದ ಉಂಟು, ಮನೆ ನಂಬರಿಲ್ಲ.

ಗುತ್ತಿಗೆಯ ಹದಿನಾಲ್ಕನೇ ನಿಯಮ:
ಯಂತ್ರದ ತಪ್ಪು ತಿದ್ದಬಹುದು, ಮೂಲದ ತಪ್ಪು ತಿದ್ದಬಾರದು.
ಹಾಗಾಗಿ ಚೀನಾವನ್ನು ಅಳಿಸಿ ಚಿಯಾಬಾ ಮಾಡಿದೆ, ಅಷ್ಟೇ.
ಪುಟದ ಅಡಿಗೆ ಒಂದು ಸಣ್ಣ ಖಾನೆ ಉಂಟು,
'ಇತರ ಹೆಸರುಗಳು.'
ಯಾರೂ ತುಂಬುವುದಿಲ್ಲ, ಅದಕ್ಕೆ ದುಡ್ಡಿಲ್ಲ.
ಅದರಲ್ಲಿ ಬರೆದೆ: ಚೆಯ್ಯಬ್ಬ. ಚೈಯಬ್ಬ.
ಪಟ್ಟಿಗಳನ್ನು ತೆಗೆದಿಟ್ಟುಕೊಂಡು
ಸೊನ್ನೆಯಾದ ಒಂಬತ್ತು ರೂಪಗಳನ್ನೂ ಬರೆದೆ.
ಸ್ವಲ್ಪ ಹೊತ್ತು ಸುಮ್ಮನೆ ಕೂತು
'ಅಜ್ಜ' ಎಂದು ಸೇರಿಸಿದೆ.

ಇವತ್ತು ಸೋಮವಾರ. ಪಟ್ಟಿಯಲ್ಲಿ ಆ ಹೆಸರಿಲ್ಲ.
ಸಿಕ್ಕಿತೋ, ಹುಡುಕಿ ಸಾಕಾಯಿತೋ,
ನಮಗೆ ಬರುವುದು ಸಿಗದವರ ಲೆಕ್ಕ ಮಾತ್ರ.
ಸಿಕ್ಕಿದ್ದರೆ, ಆ ಪುಟದಲ್ಲಿ ಅವರ ಕಣ್ಣು
ಸಾವಿಗೆ ಮೊದಲು ತಾಗಿತೋ, ಸಾಲಕ್ಕೋ.
'ಕಂಬಳಿ ಒಂದು' ಎಂಬ ಸಾಲನ್ನು
ನಾನು ಮೂರು ಸಲ ತಾಳೆ ನೋಡಿದ್ದೇನೆ.
ಅದರಲ್ಲಿ ತಪ್ಪಿಲ್ಲ.